ಕೆಳಗಿನ ಪಾಲು

ನಮ್ಮ ಮೂವರ ಹಾಡು ಕೇಳಿದವರು ಮಳವಳ್ಳಿ, ಮದ್ದೂರು, ಮಂಡ್ಯದ ಕಡೆ ಇನ್ನೂ ಸಾಕಷ್ಟು ಜನ ಇದ್ದಾರೆ. ಬಸ್ಸಿನಲ್ಲಿ ನನ್ನ ಗುರುತು ಹಿಡಿದು, "ನೀವು ಬ್ಲಫ್‌ನ ಹುಡುಗಿಯರಲ್ಲಿ ಒಬ್ಬರಲ್ಲವಾ? ಮಧ್ಯದಲ್ಲಿ ನಿಲ್ಲುತ್ತಿದ್ದವರು?" ಎಂದು ಕೇಳುತ್ತಾರೆ. ಬಲಗಡೆ ನಿಲ್ಲುತ್ತಿದ್ದ ಲಿಲ್ಲಿಯನ್ನೂ ನೆನೆಯುತ್ತಾರೆ. ಅವಳ ಗುಂಗುರು ಕೂದಲನ್ನು ಯಾರೂ ಮರೆತಿಲ್ಲ. ಎಡಗಡೆಯವಳ ಮಾತು ಬರುವುದಿಲ್ಲ. ಹೋದ ವರ್ಷ ಮದ್ದೂರು ಸ್ಟೇಷನ್ನಿನಲ್ಲಿ ಒಬ್ಬರು, "ಮೂವರಿದ್ದಿರಾ? ಇಬ್ಬರು ಅಂತ ನನ್ನ ನೆನಪು" ಎಂದರು. ಪಾಪ, ಒಳ್ಳೆಯ ಮನುಷ್ಯರು. ನನಗೆ ಪ್ಲಾಟ್‌ಫಾರಂ ಮೇಲೆ ನಿಲ್ಲಲಾಗಲಿಲ್ಲ.

ಆ ಎಡಗಡೆಯವಳ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಅವಳ ತಮ್ಮಂದಿರು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. ಸ್ಟೇಜಿನ ಮೇಲೆ ಹಾಡಿದ ಅಕ್ಕ ಇದ್ದಳು ಎಂದರೆ ಹೆಣ್ಣು ಕೊಡುವವರು ಹಿಂದೆ ಮುಂದೆ ನೋಡುತ್ತಾರೆ ಎಂದು ಅವರಿಗೆ ಹೆದರಿಕೆ. ಮದ್ದೂರು ರಸ್ತೆಯ ಹಳ್ಳದಲ್ಲಿ ಅವಳು ಹೋಗಿ ಐದು ವರ್ಷವಾಯಿತು. ಆಗ ಅವಳ ಕೈ ನನ್ನ ಕೈಯಲ್ಲಿತ್ತು.

ಬ್ಲಫ್‌ನಲ್ಲಿ ಹುಟ್ಟಿ ಬೆಳೆದವರಿಗೆ ಮೌನ ಎಂದರೆ ಏನೆಂದು ಗೊತ್ತಿರುವುದಿಲ್ಲ. ಅದು ಪವರ್ ಹೌಸಿನ ಊರು, ಕೆಳಗೆ ಕಣಿವೆಯಲ್ಲಿ ಕರೆಂಟಿನ ಮಿಷೀನು ಹಗಲೂ ರಾತ್ರಿ ಗುಂಯ್‌ಗುಡುತ್ತಿರುತ್ತದೆ. ಮಳವಳ್ಳಿಗೆ ನೆಂಟರ ಮನೆಗೆ ಹೋದರೆ ನಮಗೆ ಕಿವಿ ಖಾಲಿಯಾದಂತೆ ಅನ್ನಿಸುತ್ತಿತ್ತು. ಅವಳ ಅಪ್ಪ ಪವರ್ ಹೌಸಿನಲ್ಲಿ ಖಲಾಸಿ. ಊರು ಬೆಳಕವಾಡಿ, ಅಲ್ಲಿ ಸ್ವಲ್ಪ ಗದ್ದೆ ಇತ್ತು. ಮನೆ ಮಾತ್ರ ಕೆಲಸಗಾರರ ಲೈನಿನಲ್ಲಿ. ನನ್ನ ಅಪ್ಪ ಅಲ್ಲೇ ಆಫೀಸಿನಲ್ಲಿ ರೈಟರು. ಎರಡು ಲೈನು ಆಚೆ ನಮ್ಮ ಮನೆ. ಅವಳು ನನಗಿಂತ ಒಂದು ವರ್ಷ ದೊಡ್ಡವಳು, ಒಂದು ಗೇಣು ಎತ್ತರ. ಅಗಲ ಭುಜ, ದೊಡ್ಡ ಹೆಜ್ಜೆ. ಎರಡು ಕೊಡ ಒಟ್ಟಿಗೆ ಹೊತ್ತು ಬರುವಾಗಲೂ ಮಾತು ನಿಲ್ಲಿಸುತ್ತಿರಲಿಲ್ಲ. ಆ ಮಾತಿಗೆ ನಯ ಇರಲಿಲ್ಲ. ಹೊಸ ಲಂಗ ಉಟ್ಟು ತೋರಿಸಲು ಹೋದರೆ, "ಚೆನ್ನಾಗದೆ ಕಣಮ್ಮಿ. ನೀನಲ್ಲ, ಲಂಗ" ಎನ್ನುತ್ತಿದ್ದಳು. ನಾನು ಅಳುತ್ತಿದ್ದೆ. ಅವಳು ಸೆರಗಿನಿಂದ ಹುಣಸೆಕಾಯಿ ತೆಗೆದು, ಕಚ್ಚಿ ಎರಡು ಭಾಗ ಮಾಡಿ, ದೊಡ್ಡದನ್ನು ನನಗೆ ಕೊಡುತ್ತಿದ್ದಳು.

ನಮ್ಮನ್ನು ಹಾಡಲು ಕೂರಿಸಿದವರು ದೊರಸಾನಿ. ಇಂಗ್ಲಿಷ್ ಎಂಜಿನಿಯರೊಬ್ಬರ ಹೆಂಡತಿ. ಮಕ್ಕಳಿರಲಿಲ್ಲ. ಸಂಜೆ ನಾಲ್ಕಕ್ಕೆ ಬಂಗಲೆಯಲ್ಲಿ ಪಿಯಾನೋ ಬಾರಿಸುತ್ತಿದ್ದರು. ಬೇಲಿಯಾಚೆ ನಿಂತು ಕೇಳುತ್ತಿದ್ದ ನಮ್ಮನ್ನು ಒಂದು ದಿನ ಒಳಗೆ ಕರೆದರು. ನಾನು, ಫೋರ್‌ಮನ್ನರ ಮಗಳು ಲಿಲ್ಲಿ ಮತ್ತು ಅವಳು. ಲಿಲ್ಲಿಗೆ ಇಂಗ್ಲಿಷ್ ಬರುತ್ತಿತ್ತು, ಆದ್ದರಿಂದ ಅವಳೇ ನಮ್ಮ ದುಭಾಷಿ. ದೊರಸಾನಿಯ ಕನ್ನಡದಲ್ಲಿ ಎಲ್ಲರೂ ಹೆಂಗಸರು. "ಸಾಹೇಬ್ರು ಬಂದಳು, ಚಹಾ ಕುಡಿದಳು" ಎನ್ನುತ್ತಿದ್ದರು. ಖಲಾಸಿಯ ಮಗಳು ನಗು ತಡೆಯಲಾರದೆ ಪಿಯಾನೋದ ಹಿಂದೆ ಕೂತುಬಿಡುತ್ತಿದ್ದಳು.

ಗೋಡೆಯ ಮೇಲೆ ಒಂದು ಚಿತ್ರವಿತ್ತು. ಒಂದೇ ಥರ ಬಟ್ಟೆ ತೊಟ್ಟ, ಒಂದೇ ಥರ ಕೂದಲು ಕತ್ತರಿಸಿದ ಮೂವರು ಹುಡುಗಿಯರು. ಎಡಗಡೆ ನಿಂತವರು ದೊರಸಾನಿ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಆ ಮೂವರು ಅವರ ದೇಶದಲ್ಲಿ ಊರೂರು ತಿರುಗಿ ಹಾಡುತ್ತಿದ್ದರಂತೆ. ಮೊದಲು ಸಮುದ್ರದ ದಡದ ಊರುಗಳಲ್ಲಿ, ಬೇಸಿಗೆಗೆ ಬಂದ ಜನರ ಮುಂದೆ. ಆಮೇಲೆ ದೊಡ್ಡ ನಾಟಕಶಾಲೆಗಳಲ್ಲಿ. ವಾರಕ್ಕೊಂದು ಊರು, ಭಾನುವಾರ ರೈಲು. ಒಂದು ಕಾಲದಲ್ಲಿ ಜಾಹೀರಾತಿನಲ್ಲಿ ಇವರ ಹೆಸರೇ ಎಲ್ಲಕ್ಕಿಂತ ದೊಡ್ಡ ಅಕ್ಷರವಂತೆ. ಹಾಗಿರುವಾಗ ಮಧ್ಯದವಳು ಮದುವೆಯಾಗಿ ಹೋದಳು. ಅದೇ ಎತ್ತರದ ಇನ್ನೊಬ್ಬಳನ್ನು ತಂದು, ಅದೇ ಬಟ್ಟೆ ಹಾಕಿ ನಿಲ್ಲಿಸಿದರು. ಜನಕ್ಕೆ ಗೊತ್ತಾಗಲೇ ಇಲ್ಲ. ಅದೇ ತಮಗೆ ಅತ್ಯಂತ ಬೇಸರ ತಂದದ್ದು ಎಂದರು ದೊರಸಾನಿ. ಮಾತಿನ ಸಿನಿಮಾ ಬಂದ ಮೇಲೆ ನಾಟಕಶಾಲೆಗಳು ಒಂದೊಂದೇ ಮುಚ್ಚಿದವು. ಕೊನೆಯ ಸಲ ಹಾಡಿದಾಗ ಎದುರಿಗೆ ಕೂತವರು ಇಪ್ಪತ್ತು ಜನ.

"ನಿಮ್ಮಲ್ಲಿ ಮೊದಲು ಮದುವೆ ಯಾರು?" ಎಂದು ಕೇಳಿದರು. ಲಿಲ್ಲಿ ನನ್ನ ಕಡೆ ಬೆರಳು ತೋರಿಸಿದಳು, ನಾನು ಲಿಲ್ಲಿಯ ಕಡೆ. ಅವಳು, "ನಾನಂತೂ ಅಲ್ಲ. ಎಂಟೆಕ್ರೆ ಇರೋನು ಸಿಗೋಗಂಟ ನಮ್ಮಪ್ಪ ಒಪ್ಪಾಕಿಲ್ಲ" ಎಂದಳು.

ದೊರಸಾನಿ ನಮ್ಮ ದನಿಗಳನ್ನು ನೋಡಿ ಹಂಚಿದರು. ಮೇಲಿನದು ನನಗೆ, ನಡುವಿನದು ಲಿಲ್ಲಿಗೆ, ಕೆಳಗಿನದು ಅವಳಿಗೆ. ಮಾತು ಒಂದೇ, ಆದರೆ ಮೂವರ ರಾಗ ಬೇರೆ ಬೇರೆ. ಮೂರೂ ಕೂಡಿದಾಗ ಮಾತ್ರ ಹಾಡು. ನನಗೂ ಲಿಲ್ಲಿಗೂ ಇದು ಅರ್ಥವಾಗಲು ತಿಂಗಳು ಹಿಡಿಯಿತು. ನಾನು ಜಾರಿ ಲಿಲ್ಲಿಯ ರಾಗಕ್ಕೆ ಬೀಳುತ್ತಿದ್ದೆ, ಲಿಲ್ಲಿ ನನ್ನದಕ್ಕೆ ಹತ್ತುತ್ತಿದ್ದಳು. ಅವಳು ಒಂದೇ ದಿನಕ್ಕೆ ತಿಳಿದುಕೊಂಡಳು.

"ಪಾಲಾಗದೆ ಕಣಮ್ಮಿ. ಅಣ್ತಮ್ಮಂದ್ರು ಗದ್ದೆ ಪಾಲು ಮಾಡ್ಕಳಾಕಿಲ್ವಾ? ನಿಂದು ಮೇಲಿನ ಪಾಲು, ನಂದು ಕೆಳಗಿನ ಪಾಲು. ನೀ ನನ್ ಗದ್ದೆಗೆ ಕಾಲಿಡಬ್ಯಾಡ, ನಾ ನಿನ್ ಗದ್ದೆಗೆ ಇಡಾಕಿಲ್ಲ."

ಅಂದಿನಿಂದ ನಮ್ಮಲ್ಲಿ ಅದೇ ಮಾತು ಉಳಿಯಿತು. ದೊರಸಾನಿಯೂ ಕಲಿತು, "ನಿನ್ನ ಪಾಲು ಜೋರು" ಎಂದು ಗದರುತ್ತಿದ್ದರು. ಕೆಳಗಿನ ಪಾಲಿನಲ್ಲಿ ರಾಗವೆಂದು ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಒಂದೇ ಸ್ವರದ ಮೇಲೆ ಮೂರು ಸಾಲು, ಆಮೇಲೆ ಒಂದು ಮೆಟ್ಟಿಲು ಇಳಿದು ಸ್ವಲ್ಪ ಹೊತ್ತು, ಮತ್ತೆ ಹತ್ತಿ ಅಲ್ಲೇ. ಬೇಜಾರಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ, "ಮಿಷೀನು ಹುಟ್ಟಿದಾಗ್ನಿಂದ ಕೆಳಗಿನ ಪಾಲೇ ಯೋಳ್ತಾ ಅದೆ. ಅದ್ಕೆ ಬ್ಯಾಜಾರಾಗದಾ?" ಎಂದಳು. ಹಾಡುವಾಗ ಎಡಗೈಯನ್ನು ಎಡಗಿವಿಗೆ ಒತ್ತಿ ಹಿಡಿಯುತ್ತಿದ್ದಳು. ಕಾಲಿನ ಹೆಬ್ಬೆರಳು ನೆಲಕ್ಕೆ ತಟ್ಟಿ ಎಣಿಕೆ ಹಾಕುತ್ತಿತ್ತು. ನಾನು ಉಸಿರು ತಪ್ಪಿದರೆ ಆ ಬೆರಳನ್ನು ನೋಡಿ ಸರಿಪಡಿಸಿಕೊಳ್ಳುತ್ತಿದ್ದೆ. ಇದನ್ನು ಅವಳಿಗೆ ಎಂದೂ ಹೇಳಲಿಲ್ಲ.

ಸ್ಕೂಲಿನ ಕನ್ನಡ ಪಂಡಿತರು ನಾಲೆಯ ನೀರಿನ ಮೇಲೆ ಒಂದು ಹಾಡು ಬರೆದುಕೊಟ್ಟಿದ್ದರು. "ಕಾಲುವೆ ನೀರು ಬಂತಮ್ಮ" ಎಂದು ಶುರು. ದೊರಸಾನಿ ಅದನ್ನು ಮೂರು ಪಾಲು ಮಾಡಿದರು. ಮೊದಲು ಕ್ಲಬ್ಬಿನಲ್ಲಿ ಹಾಡಿದೆವು. ಆಮೇಲೆ ಮಳವಳ್ಳಿಯಲ್ಲಿ, ಅಮಲ್ದಾರರ ಸಭೆಯೊಂದರಲ್ಲಿ. ಮೂವರಿಗೂ ಹಸಿರು ಸೀರೆ, ಕೆಂಪು ಅಂಚು. ಎರಡು ಸಾಲು ಹಾಡುವಷ್ಟರಲ್ಲಿ ಮುಂದೆ ಕೂತ ಮುದುಕರೊಬ್ಬರು ಎದ್ದು ಕೈ ಎತ್ತಿದರು.

"ತಡೀರವ್ವಾ, ತಡೀರಿ. ಒಬ್ಬೊಬ್ಬಳು ಒಂದೊಂದು ಯೋಳ್ತಾ ಇದ್ದೀರಿ. ಜಗಳ ಆಡಬ್ಯಾಡಿ. ಒಬ್ಬಳಾದ ಮ್ಯಾಲೆ ಒಬ್ಬಳು ಯೋಳಿ."

ಸಭೆ ಗೊಳ್ಳೆಂದಿತು. ನಾನೂ ಲಿಲ್ಲಿಯೂ ಹಾಡು ನಿಲ್ಲಿಸಿದೆವು. ಅವಳು ಕಿವಿಯಿಂದ ಕೈ ತೆಗೆದು, "ಜಗಳ ಅಲ್ಲ ತಾತ, ಪಾಲಾಗದೆ. ಮೂರು ಪಾಲೂ ಒಟ್ಟಿಗೆ ಕುಯ್ಲಿಗೆ ಬಂದವೆ, ಸುಮ್ಕೆ ಕೂತ್ಕೊಂಡು ಕೇಳು" ಎಂದಳು. ಮುದುಕರು ಕೂತರು. ನಾವು ಮೊದಲಿಂದ ಹಾಡಿದೆವು. ಮುಗಿದಾಗ ಅದೇ ಮುದುಕರು, "ಇನ್ನೊಂದ್ಸಲ ಯೋಳಿ, ಈಗ ಗೊತ್ತಾಯ್ತು" ಎಂದರು. ಆ ದಿನದಿಂದ ಊರಿನವರು ನಮ್ಮನ್ನು ಪಾಲಿನ ಹುಡ್ಗೀರು ಎಂದು ಕರೆದರು.

ಎರಡು ವರ್ಷ ನಮ್ಮದೇ ಕಾಲ. ಮದ್ದೂರಿನ ಮಹಿಳಾ ಸಮಾಜ, ಮಂಡ್ಯದ ವಸ್ತು ಪ್ರದರ್ಶನ, ಯುದ್ಧ ನಿಧಿಯ ಸಭೆಗಳು. ಬಸ್ಸು ಇಳಿಯುವ ಕಡೆ ಹುಡುಗಿಯರು ನಮ್ಮ ಸೀರೆಯ ಅಂಚು ಮುಟ್ಟಿ ನೋಡುತ್ತಿದ್ದರು. ನಮ್ಮಂತೆ ಜಡೆ ಹಾಕಿಕೊಂಡರು. ನಾಟಕದವರಾದರು ಎಂದು ಬೈದವರೂ ಇದ್ದರು. ಮಧ್ಯದಲ್ಲಿ ಯಾರು ನಿಲ್ಲಬೇಕು ಎಂದು ನನಗೂ ಲಿಲ್ಲಿಗೂ ಮಾತು ಬಿಡುವ ಮಟ್ಟಿಗೆ ಜಗಳವಾಯಿತು. ಮೂರು ವಾರ ನಮ್ಮಿಬ್ಬರ ನಡುವೆ ಮಾತು ಸಾಗಿಸಿದವಳು ಅವಳು. "ಅವ್ಳು ನಿನ್ನ ಕತ್ತೆ ಅಂದ್ಲು. ನೀ ಯೇನಂತೀಯ, ಬ್ಯಾಗ ಯೋಳು, ನಂಗೆ ಮುದ್ದೆ ತೊಳಸೋದದೆ." ಜನ ಹೊಗಳುತ್ತಿದ್ದದ್ದು ನನ್ನನ್ನು. ಕೇಳುವವರ ಕಿವಿಗೆ ಮೇಲಿನ ಪಾಲೇ ಹಾಡು. ಮಂಡ್ಯದಲ್ಲಿ ಒಬ್ಬಾಕೆ ಅವಳನ್ನು, "ನೀನೂ ಹಾಡ್ತೀಯೋ, ಸುಮ್ಮನೆ ಬಾಯಾಡಿಸ್ತೀಯೋ?" ಎಂದು ಕೇಳಿದರು. "ಬಾಯಾಡಿಸ್ತೀನಿ ಕಣಮ್ಮ, ಎಲೆಅಡಿಕೆ ಇದ್ರೆ ಕೊಡಿ" ಎಂದಳು.

ನನಗೆ ಆ ಹೊಗಳಿಕೆ ರುಚಿಸಿತ್ತು. ಇದನ್ನು ಇಲ್ಲೇ ಬರೆದುಬಿಡಬೇಕು. ಮುಂದಿನದನ್ನು ಹೇಳುವಾಗ ಇದು ಬೇಕಾಗುತ್ತದೆ.

ಅವಳ ಅಪ್ಪ ನಮ್ಮ ಹಾಡನ್ನು ಒಮ್ಮೆಯೂ ಕೇಳಿರಲಿಲ್ಲ. ಮಗಳು ಪದ ಹೇಳುವಾಗ ಅಪ್ಪನಾದವನು ಎದುರಿಗೆ ಕುರ್ಚಿ ಹಾಕಿಕೊಂಡು ಕೂರುವುದು ಮರ್ಯಾದೆಯಲ್ಲ ಎಂದು ಅವರ ಎಣಿಕೆ. ಮನೆಯಲ್ಲಿ ಅವಳು ರಾಗಿ ಬೀಸುವಾಗ, ಪಾತ್ರೆ ಬೆಳಗುವಾಗ ತನ್ನ ಪಾಲನ್ನು ಅಭ್ಯಾಸ ಮಾಡುತ್ತಿದ್ದಳು. ಅವರ ಕಿವಿಗೆ ಬಿದ್ದದ್ದು ಅಷ್ಟೇ, ಬರೀ ಕೆಳಗಿನದು. "ಯೇನ್ ಮಗ, ವರ್ಷಗಟ್ಲೆಯಿಂದ ಒಂದೇ ಕಡೆ ನಿಂತಿದ್ದೀಯ, ಗಾಡಿ ಕೆಸರಲ್ಲಿ ಸಿಕ್ಕಾಕ್ಕಂಡಂಗೆ" ಎಂದು ತಮಾಷೆ ಮಾಡುತ್ತಿದ್ದರಂತೆ. ಒಳ್ಳೆಯ ಅಪ್ಪ. ಮಗಳನ್ನು ಹೊಡೆದವರಲ್ಲ.

ಹೆಣ್ಣು ನೋಡಲು ಬಂದರು. ಹುಡುಗ ಮಂಡ್ಯದಲ್ಲಿ ಗುಮಾಸ್ತ, ಊರಿನಲ್ಲಿ ಜಮೀನು. ಪ್ರದರ್ಶನದಲ್ಲಿ ನಮ್ಮ ಹಾಡು ಕೇಳಿ ಮೂವರಲ್ಲಿ ಎತ್ತರದವಳನ್ನು ತಾನಾಗಿಯೇ ವಿಚಾರಿಸಿಕೊಂಡು ಬಂದಿದ್ದ. ಎಡಗಡೆಯವಳನ್ನು ನೋಡಿದ್ದವನು ಅವನೊಬ್ಬನೇ ಇರಬೇಕು. ಅವಳ ಅಪ್ಪ ಮೂರು ದಿನ ಮೊದಲೇ ಮನೆಗೆ ಸುಣ್ಣ ಹೊಡೆಸಿದರು. ಅವಳಿಗೆ ಜಡೆ ಹೆಣೆದು ಸೀರೆ ಉಡಿಸಲು ನಾನು ಹೋಗಿದ್ದೆ. ಅವರು ಬರುತ್ತಿದ್ದಂತೆ ಅವಳ ಸೋದರತ್ತೆ ನನ್ನನ್ನು ಅಡುಗೆಮನೆಗೆ ತಳ್ಳಿದರು.

"ನೀ ಈಚೆ ಬರಬ್ಯಾಡ ಕಣವ್ವ. ನೋಡೋಕೆ ಬಂದೋರ ಕಣ್ಣಿಗೆ ಇನ್ನೊಂದು ಹೆಣ್ಣು ಬೀಳಬಾರ್ದು. ನಿನ್ ದನೀನೂ ಕೇಳಬಾರ್ದು."

ಇದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವ ಪದ್ಧತಿಯೇ. ನಾನು ಒಲೆಯ ಪಕ್ಕ ಕೂತೆ. ಬಾಗಿಲ ಸಂದಿನಿಂದ ಅವಳ ಬೆನ್ನು, ಹುಡುಗನ ಮುಖ, ಅವನ ತಾಯಿ, ಅವನ ಮಾವ ಕಾಣುತ್ತಿದ್ದರು. ಹುಡುಗ ನಾಚಿಕೊಂಡು, "ಮಂಡ್ಯದಲ್ಲಿ ಹೇಳಿದ್ರಲ್ಲ, ಕಾಲುವೆ ನೀರಿನ ಪದ, ಅದನ್ನೇ ಒಂಚೂರು" ಎಂದ.

ಅವಳು ಕೈಯನ್ನು ಕಿವಿಗೆ ಒತ್ತಿದಳು. ನನಗೆ ಆಗಲೇ ಗೊತ್ತಾಯಿತು. ಸೋಬಾನೆ ಹೇಳೇ, ಬೀಸೋ ಪದ ಹೇಳೇ ಎಂದು ಮನಸ್ಸಿನಲ್ಲೇ ಕೂಗಿಕೊಂಡೆ. ಅವಳು ತನ್ನ ಪಾಲನ್ನು ಶುರುಮಾಡಿದಳು. ಕಾಲುವೆ ನೀರು ಬಂತಮ್ಮ, ಅದೇ ಸ್ವರ. ಎರಡನೆಯ ಸಾಲು, ಅದೇ ಸ್ವರ. ಲೆಕ್ಕದ ಮಗ್ಗಿ ಒಪ್ಪಿಸಿದ ಹಾಗೆ. ಮೂರನೆಯ ಸಾಲು ಮುಗಿದಲ್ಲಿ ಕೆಳಗಿನ ಪಾಲಿಗೆ ನಾಲ್ಕು ಎಣಿಕೆಯ ಬಿಡುವಿದೆ. ಅಲ್ಲಿ ಮೇಲಿನ ಪಾಲು ಒಂಟಿಯಾಗಿ ಏರಿ ಹೋಗುತ್ತದೆ. ಜನ ಚಪ್ಪಾಳೆ ತಟ್ಟುತ್ತಿದ್ದದ್ದು ಅಲ್ಲಿಗೇ. ಅವಳು ನಿಲ್ಲಿಸಿದಳು. ಹೆಬ್ಬೆರಳು ಚಾಪೆಯ ಮೇಲೆ ಎಣಿಸತೊಡಗಿತು.

ನಾನು ಉಸಿರು ಎಳೆದುಕೊಂಡಿದ್ದೆ. ಬಾಯಿ ತೆರೆದಿತ್ತು.

"ಮುಗೀತಾ?" ಎಂದ ಹುಡುಗನ ಮಾವ.

ಅವಳು ತಡೆಯಿರಿ ಎನ್ನುವಂತೆ ಕೈ ಎತ್ತಿ, ಎಣಿಕೆ ಪೂರೈಸಿ, ಒಂದು ಮೆಟ್ಟಿಲು ಇಳಿದು ಮುಂದುವರಿಸಿದಳು. ಹೀಗೆ ಎರಡು ಸಲ ಬಿಡುವು ಬಂತು. ಎರಡು ಸಲವೂ ನಾನು ಉಸಿರು ಎಳೆದುಕೊಂಡು ಹಾಗೇ ಬಿಟ್ಟೆ. ಅತ್ತೆ ಹೇಳಿದ್ದರು, ಪದ್ಧತಿ ಇತ್ತು, ನಿಜ. ಆದರೆ ಅದಷ್ಟೇ ಅಲ್ಲ. ನಾನಿಲ್ಲದಿದ್ದರೆ ಹಾಡಿಲ್ಲ ಎನ್ನುವುದು ಆ ಕ್ಷಣದಲ್ಲಿ ಕಿವಿಯಾರೆ ಕೇಳಿಸುತ್ತಿತ್ತು. ಅದು ನನಗೆ ಹಿತವಾಗಿತ್ತು. ಎಷ್ಟು ಹೊತ್ತು? ನಾಲ್ಕು ಎಣಿಕೆ. ಅಷ್ಟು ಸಾಕಾಯಿತು.

ಮುಗಿದ ಮೇಲೆ ಹುಡುಗನ ತಾಯಿ, "ಹೋಗ್ಲಿ ಬುಡು, ಮಾತು ಬತ್ತದಲ್ಲ, ಮೂಗಿ ಅಲ್ವಲ್ಲ" ಎಂದು ನಕ್ಕರು. ಹುಡುಗ ತಲೆ ತಗ್ಗಿಸಿದ. "ಅವತ್ತು ಹಾಡಿದ್ದು ಇವರಲ್ಲ ಅನ್ಸುತ್ತೆ" ಎಂದು ಅವನು ತನ್ನ ಮಾವನಿಗೆ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಮನೆಯವರು ಸುಳ್ಳು ಹೇಳಿದ್ದಾರೆ ಎಂಬ ಅರ್ಥ ಅದರಲ್ಲಿತ್ತು.

ಅವರು ಹೋದ ಮೇಲೆ ಅವಳ ಅಪ್ಪ ಕಂಬಕ್ಕೆ ಒರಗಿ ಕೂತರು. "ಬರದಿದ್ರೆ ಬರಾಕಿಲ್ಲ ಅನ್ಬೇಕಿತ್ತು ಮಗ. ಯೇನಿತ್ತು ನಾಚ್ಕೆ? ಆ ದೊರಸಾನಿ ನಿನ್ನ ಲೆಕ್ಕ ತುಂಬ್ಸಕೆ ನಿಲ್ಸ್ಕೊಂಡವಳೆ. ಇಷ್ಟು ದಿವ್ಸ ನಿಂಗದು ತಿಳೀನಿಲ್ವಲ್ಲ."

"ಅಪ್ಪ, ಅದು ನನ್ ಪಾಲು. ಅದು ಅಂಗೇ ಇರಾದು."

"ಪಾಲಂತೆ ಪಾಲು. ಇನ್ನು ಸಾಕು."

ನಾನು ಹಿತ್ತಲ ಬಾಗಿಲಿಂದ ಮನೆಗೆ ಬಂದೆ. ಮಂಡ್ಯದ ಹುಡುಗನ ಕಡೆಯಿಂದ ಮತ್ತೆ ಸುದ್ದಿ ಬರಲಿಲ್ಲ. ಬೆಳಕವಾಡಿಯಲ್ಲಿ ಹೆಂಡತಿ ಸತ್ತ, ವಯಸ್ಸಾದ ಒಬ್ಬ ನೆಂಟರಿದ್ದರು. ತಿಂಗಳೊಳಗೆ ಅವರಿಗೆ ಅವಳನ್ನು ಕೊಡುವುದೆಂದು ನಿಶ್ಚಯವಾಯಿತು. ಹಾಡು ನಿಂತಿತು.

ಅಷ್ಟರಲ್ಲಿ ದೊರಸಾನಿಯ ಗಂಡನಿಗೆ ಯುದ್ಧದ ಕೆಲಸದ ಮೇಲೆ ಬೆಂಗಳೂರಿಗೆ ವರ್ಗವಾಗಿತ್ತು. ಅಲ್ಲಿಂದ ಕಾಗದ ಬಂತು. ಗ್ರಾಮಫೋನ್ ಪ್ಲೇಟ್ ಮಾಡುವವರು ಬೆಂಗಳೂರಿಗೆ ಬಂದಿದ್ದಾರೆ, ಒಂದು ಹಾಡು ತೆಗೆದುಕೊಳ್ಳಲು ಒಪ್ಪಿದ್ದಾರೆ, ಮೂವರೂ ಬರಬೇಕು. ಸಾಹೇಬರ ಹೆಂಡತಿಯ ಕಾಗದಕ್ಕೆ ಖಲಾಸಿ ಇಲ್ಲ ಎನ್ನುವುದು ಹೇಗೆ? "ಇದೊಂದು ಸಲ" ಎಂದರು ಅವಳ ಅಪ್ಪ.

ಎರಡು ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಪ್ಲೇಟ್ನಲ್ಲಿ ಮೂವರೂ ಒಟ್ಟಿಗಿರ್ತೀವಿ ಕಣಮ್ಮಿ. ಕ್ಲಬ್ಬಿನ ಗ್ರಾಮಫೋನು ಎತ್ಕೊಂಡು ಬಂದು ಜಗಲಿ ಮ್ಯಾಲೆ ಮಡಗ್ತೀನಿ. ಅಪ್ಪ ಕೂತ್ಕೊಂಡು ಕೇಳ್ಲಿ. ನಾನು ಯೋಳ್ತಿದ್ದದ್ದು ಪದಾನೇ ಅಂತ ತಿಳ್ಕಳ್ಲಿ. ಆಮ್ಯಾಕೆ ಆ ಮುದುಕಂಗೇ ಕೊಡ್ಲಿ, ಯಾವ ಹಳ್ಳಕ್ಕಾದ್ರೂ ತಳ್ಳಲಿ."

ಹೌದು, ಹಳ್ಳ ಎಂದೇ ಅಂದಳು. ಜನ ಆಡುವ ಮಾತು, ಎಲ್ಲರೂ ಆಡುತ್ತಾರೆ. ನಾನು ಅದನ್ನು ಬರೆಯದೆ ಬಿಡಬಹುದಿತ್ತು.

ಬೆಂಗಳೂರಿನ ರೈಲು ಹಿಡಿಯಬೇಕಾದದ್ದು ಮದ್ದೂರಿನಲ್ಲಿ. ಪೆಟ್ರೋಲ್ ಸಿಗದ ಕಾಲ. ಮಳವಳ್ಳಿಯಿಂದ ಮದ್ದೂರಿಗೆ ಓಡುತ್ತಿದ್ದದ್ದು ಇದ್ದಿಲು ಬಸ್ಸು. ಬಸ್ಸಿನ ಬೆನ್ನಿಗೆ ದೊಡ್ಡ ಕಬ್ಬಿಣದ ಪೀಪಾಯಿ, ಅದರೊಳಗೆ ಇದ್ದಿಲ ಬೆಂಕಿ, ಆ ಹೊಗೆಯಿಂದಲೇ ಎಂಜಿನ್ನು ನಡೆಯಬೇಕು. ಹೊರಡುವ ಮೊದಲು ಕಂಡಕ್ಟರು ಕಾಲು ಗಂಟೆ ಬೆಂಕಿಗೆ ಗಾಳಿಯೂದುವ ಚಕ್ರ ತಿರುವಬೇಕು. ದಿಬ್ಬ ಬಂದರೆ ಎಲ್ಲರೂ ಇಳಿದು ತಳ್ಳಬೇಕು. ಆ ದಿನ ಬೆಳಿಗ್ಗೆ ನಾವು ಮೂವರು, ಜೊತೆಗೆ ಲಿಲ್ಲಿಯ ತಾಯಿ. ಹಿಂದಿನ ದಿನವೆಲ್ಲ ಮಳೆ ಹೊಯ್ದು ಆಗ ತಾನೇ ಬಿಸಿಲು ಬಂದಿತ್ತು. ಬಸ್ಸಿನಲ್ಲಿ ಸಂತೆಗೆ ಹೊರಟ ಹೆಂಗಸರು, ಇಬ್ಬರು ಮುದುಕರು, ಒಂದಷ್ಟು ಕೋಳಿ.

ನಾನು ಅವಳ ಪಕ್ಕ ಕೂತಿದ್ದೆ. ಬಹಳ ಹೊತ್ತು ಬೇರೆ ಏನೇನೋ ಮಾತಾಡಿ ಕೊನೆಗೆ ಕೇಳಿದೆ. "ಅವತ್ತು ನೀನು ಮೇಲಿನ ಪಾಲು ಹಾಡಬಹುದಿತ್ತಲ್ಲೇ? ನಿನಗೆ ಅದೂ ಬರುತ್ತೆ."

"ಬತ್ತದೆ. ನಿನ್ ಪಾಲ ನಾನ್ಯಾಕೆ ಕಿತ್ಕಳ್ಳಿ?" ಎಂದಳು. ಆಮೇಲೆ ಕಿಟಕಿಯಾಚೆ ನೋಡಿದಳು. ಅವತ್ತು ನಾನು ಅಡುಗೆಮನೆಯಲ್ಲಿದ್ದೆ ಎಂಬ ಮಾತನ್ನು ಅವಳು ಎತ್ತಲಿಲ್ಲ.

ಮುಂದೆ ಒಂದು ಹಳ್ಳ. ಅದಕ್ಕೆ ಆಗ ಸೇತುವೆ ಇರಲಿಲ್ಲ, ಕಲ್ಲು ಹಾಸಿದ ತಗ್ಗು ದಾರಿ. ಮೊಣಕಾಲಿಗಿಂತ ಕಡಿಮೆ ನೀರು ಹರಿಯುತ್ತಿತ್ತು. ಡ್ರೈವರು ಬಸ್ಸನ್ನು ನೀರಿಗೆ ಇಳಿಸಿದ. ನಡುಮಧ್ಯೆ ಹೋಗುವಷ್ಟರಲ್ಲಿ ಹಿಂದಿನ ಪೀಪಾಯಿಗೆ ನೀರು ತಾಗಿ ಚುಸ್ ಎಂದಿತು. ಎಂಜಿನ್ನು ನಿಂತಿತು. ಜನ ನಕ್ಕರು. "ಇಳೀರಪ್ಪ, ತಳ್ಳಾಕೆ" ಎಂದು ಯಾರೋ ಪಂಚೆ ಎತ್ತಿ ಕಟ್ಟಿದರು. ಮೇಲೆಲ್ಲೋ ಕೆರೆಯ ಏರಿ ಒಡೆದಿದೆ ಎಂದು ನಮಗೆ ಗೊತ್ತಾಗುವುದು ಹೇಗೆ? ಮೊದಲು ಬಂದದ್ದು ವಾಸನೆ, ಹಸಿ ಮಣ್ಣಿನದು. ಆಮೇಲೆ ನೀರಿನ ಬಣ್ಣ ಬದಲಾಯಿತು. ಆಮೇಲೆ ಕಾಲಡಿಯ ಹಲಗೆಗಳ ಸಂದಿನಿಂದ ನೀರು ಉಕ್ಕಿತು.

ದಡ ಮೂವತ್ತು ಮಾರು ದೂರ ಇದ್ದಿರಬಹುದು. ಗಂಡಸರು ಕೈಕೈ ಹಿಡಿದು ಸಾಲು ಮಾಡಿದರು. ಅವಳು ಮುದುಕರನ್ನೂ ಹೆಂಗಸರನ್ನೂ ಬಾಗಿಲಿಂದ ಒಬ್ಬೊಬ್ಬರನ್ನಾಗಿ ಇಳಿಸಿ ಸಾಲಿಗೆ ದಾಟಿಸಿದಳು. "ಕೋಳಿ ಬುಡಮ್ಮೋ, ಪ್ರಾಣ ಹಿಡ್ಕೋ" ಎಂದು ಒಬ್ಬಾಕೆಗೆ ಗದರಿದ್ದು ಕೇಳಿಸಿತು. ಕೊನೆಗೆ ಲಿಲ್ಲಿಯ ತಾಯಿ, ಲಿಲ್ಲಿ, ನಾನು, ನನ್ನ ಹಿಂದೆ ಅವಳು. ನನ್ನ ಎಡಗೈ ಲಿಲ್ಲಿಯ ಹಿಡಿತದಲ್ಲಿ, ಬಲಗೈಯಲ್ಲಿ ಅವಳ ಮಣಿಕಟ್ಟು. ನೀರು ಸೊಂಟಕ್ಕೆ ಬಂದಿತ್ತು. ದಡಕ್ಕೆ ಹತ್ತು ಹೆಜ್ಜೆ ಇರುವಾಗ ಬುಡ ಸಮೇತ ಒಂದು ಮರ ತೇಲಿಬಂದು ಅವಳ ಮೈಗೆ ಬಡಿಯಿತು. ಅವಳು ಮುಳುಗಿ ಎದ್ದಳು. ನನ್ನ ತೋಳು ಕಿತ್ತುಹೋಗುವಂತೆ ಎಳೆಯಿತು. ಲಿಲ್ಲಿ ಕಿರುಚುತ್ತಿದ್ದಳು. ಅವಳು ನನ್ನ ಮುಖ ನೋಡಿ ಏನೋ ಹೇಳಿದಳು.

"ಬುಡ್..." ಎಂದಳು. ಉಳಿದದ್ದನ್ನು ನೀರು ನುಂಗಿತು.

ಬುಡು ಎಂದಳೋ, ಬುಡಬ್ಯಾಡ ಎಂದಳೋ. ಐದು ವರ್ಷದಿಂದ ಆ ಬಾಯಿಯನ್ನು ನೋಡುತ್ತಲೇ ಇದ್ದೇನೆ. ತುಟಿ ಮುಂದೆ ಚಾಚಿದ್ದರೆ ಬುಡು, ಅಗಲವಾಗಿದ್ದರೆ ಬುಡಬ್ಯಾಡ. ಒಂದು ದಿನ ಚಾಚಿದಂತೆ ಕಾಣುತ್ತದೆ, ಮರುದಿನ ಅಗಲವಾಗಿ. ಇನ್ಯಾವುದೋ ಮಾತಿಗೆ ಅದು ಮೊದಲಾಗಿದ್ದರೂ ಇರಬಹುದು. ಮೈಸೂರಿನಲ್ಲಿ ಕಾಲೇಜಿಗೆ ಸೇರಿದ ಮೇಲೆ ಕ್ಲಾಸಿನಲ್ಲಿ ಕೂತು ಪೆನ್ಸಿಲನ್ನು ಬಲಗೈಯಲ್ಲಿ ಬಿಗಿಯಾಗಿ ಹಿಡಿದು, ಎಷ್ಟು ಹೊತ್ತಿಗೆ ಬೆರಳು ತಾನಾಗಿ ಸಡಿಲುತ್ತದೆ ಎಂದು ನೋಡುತ್ತಿದ್ದೆ. ಬೆರಳು ತಾನಾಗಿ ಸಡಿಲಿತೋ, ನಾನು ಸಡಿಲಿಸಿದೆನೋ ಎನ್ನುವುದು ಪೆನ್ಸಿಲಿನಿಂದಲೂ ತಿಳಿಯಲಿಲ್ಲ. ಬಿ.ಎ. ಮುಗಿಯಿತು. ಈಗ ಒಂದು ಸ್ಕೂಲಿನಲ್ಲಿ ಪಾಠ ಹೇಳುತ್ತೇನೆ. ಹುಡುಗಿಯರು ಕೈ ಹಿಡಿದು ಸಾಲಾಗಿ ನಿಂತರೆ ನಾನು ಬೇರೆ ಕಡೆ ತಿರುಗುತ್ತೇನೆ.

ಮೂರನೆಯ ದಿನ ಮಧ್ಯಾಹ್ನ, ಎರಡು ಮೈಲಿ ಕೆಳಗೆ, ಕಬ್ಬಿನ ಗದ್ದೆಯ ಬದುವಿನಲ್ಲಿ ಅವಳು ಸಿಕ್ಕಳು.

ಪ್ಲೇಟ್ ಆಗಲಿಲ್ಲ. ಇನ್ನೊಬ್ಬಳನ್ನು ಹುಡುಕೋಣವೇ ಎಂದು ದೊರಸಾನಿ ಲಿಲ್ಲಿಗೆ ಕಾಗದ ಬರೆದರಂತೆ. ಮರುವಾರವೇ, ಆ ಮಾತು ಬರೆಯಬಾರದಿತ್ತು, ಮರೆತುಬಿಡಿ ಎಂದು ಇನ್ನೊಂದು ಬರೆದರು. ಆಮೇಲೆ ಹಡಗು ಹತ್ತಿದರು. ಲಿಲ್ಲಿ ನರ್ಸ್ ಕೆಲಸ ಕಲಿತು ಎತ್ತಲೋ ಹೋದಳು. ಮೂರು ಪಾಲನ್ನೂ ಬರೆದಿದ್ದ ಹಾಳೆಗಳು ಬಸ್ಸಿನಲ್ಲಿದ್ದವು. ಬಸ್ಸು ತಲೆಕೆಳಗಾಗಿ ಬಿದ್ದಿತ್ತು.

ಹೋದ ತಿಂಗಳು ರಜೆಗೆ ಬ್ಲಫ್‌ಗೆ ಹೋಗಿದ್ದೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವಳ ಅಪ್ಪ ಬಂದರು. ಐದು ವರ್ಷದಲ್ಲಿ ಮೊದಲ ಸಲ. ಕೆಲಸದಿಂದ ನಿವೃತ್ತಿಯಾಗಿದ್ದರು, ಬೆನ್ನು ಬಾಗಿತ್ತು. ಜಗಲಿಯ ಮೇಲೆ ಕೂತರು. ನಾನು ಕಾಫಿ ತಂದಿಟ್ಟೆ. ಮಳೆ, ಬೆಳೆ, ನನ್ನ ಕೆಲಸ ಎಲ್ಲವನ್ನೂ ವಿಚಾರಿಸಿದರು. ಆಮೇಲೆ ಟವಲನ್ನು ಮಡಿಲಲ್ಲಿಟ್ಟು ಮಡಚತೊಡಗಿದರು.

"ಒಂದು ಕೇಳಾದದೆ ಕಣವ್ವ. ನಗಬಾರ್ದು."

"ಕೇಳಿ ಮಾವ."

"ನಮ್ಮುಡ್ಗಿ ಮನೇಲಿ ಯೇನೋ ಯೋಳ್ತಿತ್ತಲ್ಲ, ಅದು ಈಗ ನನ್ ಬಾಯಿಗೆ ಬತ್ತದೆ. ಗದ್ದೇಲಿ ಕೂತಿದ್ರೆ ಬತ್ತದೆ. ಊಟಕ್ಕೆ ಕೂತ್ರೆ ಬತ್ತದೆ. ಬ್ಯಾಡ ಅಂದ್ರೂ ಬುಡಾಕಿಲ್ಲ. ಅದು ಪದಾನಾ, ಸುಮ್ಕೆ ಹುಡುಗಾಟಾನಾ? ನೀ ಓದ್ದೋಳು, ಅವಳ ಜೊತೇಲಿದ್ದೋಳು. ಅದೊಂದು ಯೋಳ್ಬುಡು."

"ಹೇಳಿ ಮಾವ, ಕೇಳ್ತೀನಿ."

ಅವರು ಅಂಗಳದ ಕಡೆ ಮುಖ ಮಾಡಿಕೊಂಡು ಶುರುಮಾಡಿದರು. ಒಡೆದ ದನಿ, ಮಾತುಗಳಿಲ್ಲ, ಬರೀ ಗುನುಗು. ಮೂರು ಸಾಲು ಒಂದೇ ಸ್ವರ. ಒಂದು ಕೂದಲಷ್ಟೂ ಆಚೀಚೆ ಇಲ್ಲ. ಮೂರನೆಯ ಸಾಲು ಮುಗಿದಲ್ಲಿ ನಿಲ್ಲಿಸಿದರು, ಅವಳು ನಿಲ್ಲಿಸುತ್ತಿದ್ದ ಹಾಗೆಯೇ. ಆ ಬಿಡುವಿನಲ್ಲಿ ನನ್ನ ಬಾಯಿಂದ ಮೇಲಿನ ಪಾಲು ಹೊರಟಿತು. ಐದು ವರ್ಷ ಹಾಡದ ಗಂಟಲು, ಸ್ವರ ಬಿರುಕು ಬಿಟ್ಟಿತು. ಅವರು ಬೆಚ್ಚಿ ನನ್ನ ಕಡೆ ತಿರುಗಿದರು, ಆದರೆ ನಿಲ್ಲಿಸಲಿಲ್ಲ. ಎಣಿಕೆ ಮುಗಿದೊಡನೆ ಮೆಟ್ಟಿಲು ಇಳಿದು ಬಂದು ಕೂಡಿಕೊಂಡರು. ಅವರು ಕೆಳಗೆ, ನಾನು ಮೇಲೆ. ನಡುವಿನದಿಲ್ಲದಿದ್ದರೂ ಅದು ಹಾಡಾಯಿತು. ಎರಡನೆಯ ಬಿಡುವಿನಲ್ಲೂ ನಾನೊಬ್ಬಳೇ ಹಾಡಿದೆ. ಅವರು ಕಣ್ಣು ಮುಚ್ಚಿಕೊಂಡು ಕಾದರು. ಕೊನೆಯ ಸಾಲಿನವರೆಗೂ ಹೋದೆವು.

ಅವರು ಕಣ್ಣು ಬಿಟ್ಟರು.

"ಇಂಗಾ ಅದು?"

"ಹೌದು ಮಾವ."

"ಅವ್ಳು ಸುಮ್ಕಿರ್ತಿದ್ದ ಕಡೆ ನೀ ಯೋಳಾದು."

"ಹೌದು."

ಅವರು ಟವಲನ್ನು ಬಿಚ್ಚಿ ಮತ್ತೆ ಮಡಚಿದರು. ನನ್ನ ಮುಖ ನೋಡದೆ, ಸಿಟ್ಟಿಲ್ಲದೆ, ಮರೆತದ್ದನ್ನು ನೆನಪು ಮಾಡಿಕೊಳ್ಳುವವರಂತೆ ಕೇಳಿದರು.

"ಅವತ್ತು ನೀ ಅಡುಗೆಮನೇಲೇ ಇದ್ಯಲ್ಲವ್ವ?"

"ಇದ್ದೆ" ಎಂದೆ.

ಮುಂದಿನದನ್ನು ಅವರು ಕೇಳಲಿಲ್ಲ. ಟವಲು ಹೆಗಲಿಗೆ ಹಾಕಿಕೊಂಡು, ಕಾಫಿ ಲೋಟ ಮುಟ್ಟದೆ, "ಬತ್ತೀನಿ ಕಣವ್ವ" ಎಂದು ಎದ್ದರು.